ಯಾವ ಜಾಯ್‌ಸ್ಟಿಕ್ ತೆಗೆಯುವುದು? ಓದುಗರ ಪ್ರಶ್ನೆಗಳಿಗೆ ಉತ್ತರ

ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಸಿಮ್ಯುಲೇಟರ್ ಬಗ್ಗೆ ಕಳೆದ ಸಂಚಿಕೆಯಲ್ಲಿ ಸಣ್ಣದಾಗಿ ಬರೆದಿದ್ದೆವು. ಅದಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ಜಾಯ್‌ಸ್ಟಿಕ್ ಬಗ್ಗೆಯೇ, ಅದೂ ಕಾಸರಗೋಡು ಜಿಲ್ಲೆಯಿಂದಲೇ. ಹೊಸೂರು, ತಾಳವಾಡಿಯಿಂದಲೂ ಒಂದೊಂದು ಬಂದಿದೆ. ಹೆಸರು ಬೇಡ ಅಂದವರು ಜಾಸ್ತಿ. ಹಾಗಾಗಿ ಎಲ್ಲರದ್ದೂ ಊರು ಮಾತ್ರ ಹಾಕಿದ್ದೇನೆ.

ಪ್ರಶ್ನೆ: ಮಗ ಪ್ಲಸ್ ಟು ಓದುತ್ತಿದ್ದಾನೆ. ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ ಹಾಕಿಕೊಂಡು ಕೀಬೋರ್ಡಿನಲ್ಲೇ ಹಾರಿಸುತ್ತಾನೆ. ಈಗ ಜಾಯ್‌ಸ್ಟಿಕ್, ಥ್ರಾಟಲ್, ಪೆಡಲ್ ಮೂರೂ ಬೇಕಂತೆ. ಐದು ಸಾವಿರದ ಮೇಲೆ ಹೋಗುವುದು ನನ್ನಿಂದಾಗದು. ಮೂರೂ ನಿಜಕ್ಕೂ ಬೇಕಾ, ಅಥವಾ ಸುಮ್ನೆ ಹಠವಾ? (ಬದಿಯಡ್ಕ)

ಉತ್ತರ: ಜಾಯ್‌ಸ್ಟಿಕ್ ಬೇಕು ಅನ್ನುವುದು ಹಠ ಅಲ್ಲ. ಉಳಿದೆರಡು ಸದ್ಯಕ್ಕೆ ಹಠವೇ.

ಕೀಬೋರ್ಡಿನಲ್ಲಿ ಕೀ ಒತ್ತಿದರೆ ಒತ್ತಿದ್ದು, ಬಿಟ್ಟರೆ ಬಿಟ್ಟದ್ದು. ನಡುವೆ ಏನೂ ಇಲ್ಲ. ವಿಮಾನಕ್ಕೆ ಬೇಕಾದ್ದು ಆ ನಡುವಿನದ್ದೇ. ರನ್‌ವೇಗೆ ಇಳಿಯುವಾಗ ಮೂಗನ್ನು ಒಂದು ಚೂರು ಎತ್ತಬೇಕು, ಅಲ್ಲೇ ಹಿಡಿದು ನಿಲ್ಲಿಸಬೇಕು, ವೇಗ ಇಳಿದ ಹಾಗೆ ಇನ್ನೊಂದು ಚೂರು ಎತ್ತಬೇಕು, ಇದನ್ನು ಬಾಣದ ಗುರುತಿನ ಕೀಯಿಂದ ಮಾಡಲು ಹೊರಟರೆ ವಿಮಾನ ಮೇಲೆ ಕೆಳಗೆ ಕುಣಿಯುತ್ತದೆ ಅಷ್ಟೆ. ಗೇಮ್ ಪ್ಯಾಡ್ ಇದ್ದರೆ ಸ್ವಲ್ಪ ಪರವಾಗಿಲ್ಲ, ಆದರೆ ಅದರ ಕೋಲು ಹೆಬ್ಬೆರಳಿನಷ್ಟು ಗಿಡ್ಡ. ಕೂದಲೆಳೆಯಷ್ಟು ಸರಿದರೂ ರೆಕ್ಕೆ ವಾಲುತ್ತದೆ.

ವಿಮಾನ ಹಾರಿಸಲು ಮುಖ್ಯವಾಗಿ ನಾಲ್ಕು ಹಿಡಿತ ಸಾಕು. ಮೂಗನ್ನು ಮೇಲೆ ಕೆಳಗೆ ಮಾಡುವ ಎಲಿವೇಟರ್, ರೆಕ್ಕೆ ವಾಲಿಸುವ ಏಲರಾನ್, ಮೂಗನ್ನು ಎಡಕ್ಕೆ ಬಲಕ್ಕೆ ತಿರುಗಿಸುವ ಬಾಲದ ರಡ್ಡರ್, ಇಂಜಿನಿನ ಶಕ್ತಿ ಏರಿಸಿ ಇಳಿಸುವ ಥ್ರಾಟಲ್. ಈ ನಾಲ್ಕೂ ಒಂದೇ ಜಾಯ್‌ಸ್ಟಿಕ್‌ನಲ್ಲಿ ಸಿಗುತ್ತವೆ. ಕೋಲು ಹಿಂದೆ ಮುಂದೆ ಮತ್ತು ಪಕ್ಕಕ್ಕೆ ಹೋಗುತ್ತದೆ, ಹಿಡಿಯನ್ನೇ ತಿರುಚಿದರೆ ರಡ್ಡರ್ (ಪೆಡಲ್ ಇದ್ದರೆ ಕಾಲಿನಲ್ಲಿ ಮಾಡುವ ಕೆಲಸ ಇದೇ), ಬುಡದಲ್ಲಿ ಒಂದು ಸಣ್ಣ ಲಿವರ್ ಥ್ರಾಟಲ್. ಲಾಜಿಟೆಕ್ ಎಕ್ಸ್‌ಟ್ರೀಮ್ 3ಡಿ ಪ್ರೊ ಅಂತ ತುಂಬಾ ಹಳೆಯ ಮಾಡೆಲ್ ಒಂದಿದೆ, 12 ಬಟನ್, ಮೇಲೆ ಹೆಬ್ಬೆರಳಿನಲ್ಲಿ ಎಂಟು ದಿಕ್ಕಿಗೆ ತಳ್ಳುವ ಹ್ಯಾಟ್ ಸ್ವಿಚ್. ನೋಡಲು ಏನೂ ಚೆಂದ ಇಲ್ಲ. ಆದರೆ ನಿಮ್ಮ ಲೆಕ್ಕಕ್ಕೆ ಸರಿಯಾಗಿ ಕೂರುವಂಥದ್ದು ಅದೇ. ಕೊಳ್ಳುವ ದಿನ ಎರಡು ಮೂರು ಕಡೆ ಬೆಲೆ ನೋಡಿ, ಒಂದೇ ವಸ್ತುವಿಗೆ ಒಬ್ಬೊಬ್ಬರು ಒಂದೊಂದು ಬೆಲೆ ಹೇಳುತ್ತಾರೆ. ಹಿಡಿ ತಿರುಚಲು ಬಾರದ ಜಾಯ್‌ಸ್ಟಿಕ್ ಎಷ್ಟು ಕಮ್ಮಿಗೆ ಸಿಕ್ಕಿದರೂ ಬೇಡ. ಆಮೇಲೆ ರಡ್ಡರಿಗೆ ಅಂತ ಬೇರೆ ಖರ್ಚು ಬೀಳುತ್ತದೆ.

ಮಗನಿಗೆ ಇದೊಂದು ಹೇಳಿ. ಹ್ಯಾಟ್ ಸ್ವಿಚ್ಚನ್ನು ಎಲ್ಲರೂ ಕಾಕ್‌ಪಿಟ್ಟಿನಲ್ಲಿ ಆಚೆ ಈಚೆ ನೋಡಲು ಇಟ್ಟುಕೊಳ್ಳುತ್ತಾರೆ. ನೋಡುವ ಕೆಲಸ ಮೌಸಿಗೆ ಕೊಡಿ, ಹ್ಯಾಟಿನ ಮೇಲೆ ಕೆಳಗಿನ ದಿಕ್ಕಿಗೆ ಎಲಿವೇಟರ್ ಟ್ರಿಮ್ ಕೊಡಿ, ಅಂದರೆ ಕೋಲು ಹಿಡಿದೇ ಇರದೆ ಮೂಗನ್ನು ಒಂದು ಕೋನದಲ್ಲಿ ನಿಲ್ಲಿಸುವ ವ್ಯವಸ್ಥೆ. ಸೆಸ್ನಾದಂಥ ಸಣ್ಣ ವಿಮಾನದಲ್ಲಿ ಬೇಕಾದ ಕೋನಕ್ಕೆ ಮೂಗು ತಂದು, ಕೈ ಭಾರ ಕಮ್ಮಿ ಆಗುವವರೆಗೆ ಟ್ರಿಮ್ ಒತ್ತುತ್ತಾ ಕೋಲನ್ನು ನಿಧಾನ ನಡುವಿಗೆ ಬಿಟ್ಟರೆ ವಿಮಾನ ತಾನಾಗಿ ಅಲ್ಲೇ ನಿಲ್ಲುತ್ತದೆ. ಇದು ಬಾರದವರೇ ದುಬಾರಿ ಜಾಯ್‌ಸ್ಟಿಕ್ ತೆಗೆದೂ ಕೈ ನೋವು ಅನ್ನುವುದು.

ಪ್ರಶ್ನೆ: ಎರಡು ಮಾಡೆಲ್ ನೋಡಿಟ್ಟಿದ್ದೇನೆ. ಒಂದಕ್ಕೆ ಬಟನ್ ಜಾಸ್ತಿ, ಬೆಲೆ ಕಮ್ಮಿ. ಇನ್ನೊಂದು ಥ್ರಸ್ಟ್‌ಮಾಸ್ಟರ್ ಕಂಪನಿಯ ಟಿ.16000ಎಂ, ಅದರಲ್ಲಿ ಹಾಲ್ ಸೆನ್ಸರ್ ಉಂಟು ಅಂತ ಬರೆದಿದ್ದಾರೆ. ಅದಕ್ಕೆ ಅಷ್ಟು ದುಡ್ಡು ಜಾಸ್ತಿ ಕೊಡಬೇಕಾ? ನಮ್ಮ ಮನೆ ಕಡಲ ಬದಿಯಲ್ಲೇ. (ಉಪ್ಪಳ)

ಉತ್ತರ: ಕೊಡಿ. ಮನೆ ಕಡಲ ಬದಿ ಅಂದ ಮೇಲೆ ಎರಡು ಮಾತಿಲ್ಲ.

ಕಮ್ಮಿ ಬೆಲೆಯ ಜಾಯ್‌ಸ್ಟಿಕ್ ಒಳಗೆ ಪೊಟೆನ್ಶಿಯೋಮೀಟರ್ ಇರುತ್ತದೆ, ಹಳೇ ರೇಡಿಯೋದ ವಾಲ್ಯೂಮ್ ತಿರುಗಿಸುವ ಕಡೆ ಇದ್ದದ್ದೂ ಇದೇ. ಇಂಗಾಲದ ಪಟ್ಟಿಯ ಮೇಲೆ ಒಂದು ಲೋಹದ ನಾಲಿಗೆ ಉಜ್ಜಿಕೊಂಡು ಹೋಗುತ್ತದೆ. ಉಜ್ಜಿ ಉಜ್ಜಿ ಪಟ್ಟಿ ಸವೆಯುತ್ತದೆ, ದೂಳು ಕೂರುತ್ತದೆ, ಮಳೆಗಾಲದ ತೇವ ಮತ್ತು ಉಪ್ಪು ಗಾಳಿ ಬೇರೆ. ಆಮೇಲೆ ಕೋಲು ನೆಟ್ಟಗೆ ನಿಂತಿದ್ದರೂ ವಿಮಾನ ನಡುಗುತ್ತದೆ. ಅದರಲ್ಲೂ ಮೊದಲು ಸವೆಯುವುದು ನಡುಭಾಗ, ಯಾಕೆಂದರೆ ಕೋಲು ಜಾಸ್ತಿ ಹೊತ್ತು ಇರುವುದೇ ಅಲ್ಲಿ, ನಾವು ಸಣ್ಣ ಸಣ್ಣ ತಿದ್ದುಪಡಿ ಮಾಡುವುದೂ ಅಲ್ಲೇ. ಹಾಲ್ ಸೆನ್ಸರಿನಲ್ಲಿ ಒಂದು ಅಯಸ್ಕಾಂತ ಸರಿಯುತ್ತದೆ, ಎದುರಿನ ಚಿಪ್ ಅದರ ಕಾಂತಬಲ ಅಳೆಯುತ್ತದೆ. ಒಂದಕ್ಕೊಂದು ತಾಗುವುದೇ ಇಲ್ಲ, ಮತ್ತೆ ಸವೆಯುವುದೆಲ್ಲಿ?

ಒಂದು ಎಚ್ಚರಿಕೆ. ಟಿ.16000ಎಂನಲ್ಲಿ ಹಾಲ್ ಸೆನ್ಸರ್ ಇರುವುದು ಕೋಲಿನ ಮುಖ್ಯ ಎರಡು ದಿಕ್ಕಿಗೆ ಮಾತ್ರ. ಹಿಡಿ ತಿರುಚುವ ರಡ್ಡರಿಗೆ ಅದರಲ್ಲೂ ಹಳೇ ಪೊಟೆನ್ಶಿಯೋಮೀಟರೇ. ಬಾಕ್ಸಿನ ಮೇಲೆ ದೊಡ್ಡದಾಗಿ ಬರೆದದ್ದನ್ನು ಓದಿ ಎಲ್ಲಾ ಕಡೆಗೂ ಹಾಗೇ ಅಂದುಕೊಳ್ಳಬೇಡಿ. ಹಾಗಿದ್ದರೂ ಎಲಿವೇಟರ್, ಏಲರಾನ್ ನಯವಾಗಿದ್ದರೆ ಮುಕ್ಕಾಲು ಸುಖ ಸಿಕ್ಕಿದ ಹಾಗೆ. ಇನ್ನೂ ಖರ್ಚು ಮಾಡಲು ತಯಾರಿದ್ದರೆ ವಿಕೆಬಿ ಕಂಪನಿಯ ಗ್ಲ್ಯಾಡಿಯೇಟರ್ ನೋಡಿ. ಅದರಲ್ಲಿ ಸ್ಪ್ರಿಂಗ್ ಬದಲಿಸಿ ಕೋಲನ್ನು ಗಟ್ಟಿ ಅಥವಾ ಮೆದು ಮಾಡಿಕೊಳ್ಳಬಹುದು. ಈ ಬೆಲೆಯಲ್ಲಿ ನನಗೆ ಅದಕ್ಕಿಂತ ಇಷ್ಟವಾದದ್ದು ಇಲ್ಲ, ಆದರೆ ಊರಿನ ಅಂಗಡಿಯಲ್ಲಿ ಕೇಳಿದರೆ ಸಿಗುವ ವಸ್ತು ಅಲ್ಲ, ತರಿಸಿಕೊಳ್ಳಬೇಕು.

ಬಟನ್ ಎಣಿಸುವುದನ್ನು ಬಿಡಿ. ಕೀಬೋರ್ಡಿನಲ್ಲಿ ನೂರು ಬಟನ್ ಇದೆ, ಚಕ್ರ ಇಳಿಸಲು, ದೀಪ ಹಾಕಲು ಅದು ಧಾರಾಳ ಸಾಕು.

ಪ್ರಶ್ನೆ: ನಾನು ಹಾರಿಸುವುದು ಏರ್‌ಬಸ್ ಎ320 ಮಾತ್ರ. ಮಂಗಳೂರಿನಿಂದ ಬೆಂಗಳೂರು, ಮುಂಬೈ ಹೀಗೆ. ಸ್ನೇಹಿತರು ಯೋಕ್ ತಗೋ, ಅದೇ ಒರಿಜಿನಲ್ ಪೈಲಟ್ ಫೀಲಿಂಗ್ ಅನ್ನುತ್ತಾರೆ. ಜೊತೆಗೆ ದೊಡ್ಡ ಥ್ರಾಟಲ್ ಸೆಟ್ಟೂ ತಗೊಳ್ಳಬೇಕಂತೆ. (ಕುಂಬಳೆ)

ಉತ್ತರ: ನಿಮ್ಮ ಸ್ನೇಹಿತರು ಎ320 ಕಾಕ್‌ಪಿಟ್ಟಿನ ಫೋಟೋ ಒಂದು ಸಲ ನೋಡಲಿ. ಯೋಕ್ ಅಂದರೆ ಪೈಲಟ್ ಎದುರಿಗೆ ಕಾರಿನ ಸ್ಟಿಯರಿಂಗಿನ ಹಾಗೆ ಇರುವ ಹಿಡಿ, ಅದರಲ್ಲಿ ಯೋಕೇ ಇಲ್ಲ ಮಾರಾಯ್ರೇ! ಕ್ಯಾಪ್ಟನ್‌ಗೆ ಎಡ ಪಕ್ಕದಲ್ಲಿ, ಫಸ್ಟ್ ಆಫೀಸರ್‌ಗೆ ಬಲ ಪಕ್ಕದಲ್ಲಿ ಒಂದು ಗಿಡ್ಡ ಸೈಡ್‌ಸ್ಟಿಕ್, ಅಷ್ಟೆ. ಎದುರಿಗೆ ಊಟದ ತಟ್ಟೆ ಇಡಲಿಕ್ಕೆ ಮಡಚುವ ಮೇಜು ಇದೆ. 1988ರಲ್ಲಿ ಆ ವಿಮಾನ ಸೇವೆಗೆ ಬಂದಾಗಿನಿಂದ ಹಾಗೇ.

ಯೋಕ್ ಇರುವುದು ಬೋಯಿಂಗ್ 737ರಲ್ಲಿ, ಪ್ರೊಪೆಲ್ಲರ್ ಇರುವ ಪ್ರಯಾಣಿಕರ ವಿಮಾನ ಎಟಿಆರ್‌ನಲ್ಲಿ, ಸೆಸ್ನಾ 172ರಲ್ಲಿ. ಮಂಗಳೂರಿಗೆ ಈ ಮೂರು ಜಾತಿಯಲ್ಲಿ ಮೊದಲೆರಡೂ ಬರುತ್ತವೆ, ಎ320 ಸಹ ಬರುತ್ತದೆ. ಆದ್ದರಿಂದ ಕೇಳಬೇಕಾದ ಮೊದಲ ಪ್ರಶ್ನೆ ಯಾವ ಕಂಪನಿಯ ಜಾಯ್‌ಸ್ಟಿಕ್ ಅಂತ ಅಲ್ಲ, ಯಾವ ವಿಮಾನ ಅಂತ. ನಾಳೆ 737 ಹಾರಿಸುವ ಮನಸ್ಸಾದರೆ ಸ್ಟಿಕ್ಕಿನಿಂದಲೂ ಹಾರಿಸಬಹುದು, ಏನೂ ತೊಂದರೆ ಇಲ್ಲ. ಯೋಕ್ ಇಟ್ಟುಕೊಂಡು ಎ320 ಅಥವಾ ಯುದ್ಧವಿಮಾನ ಹಾರಿಸುವುದು ಮಾತ್ರ ಕೈಗೆ ಒಗ್ಗುವುದಿಲ್ಲ. ಎರಡೂ ಕಡೆ ಸಲ್ಲುವುದು ಸ್ಟಿಕ್.

ಥ್ರಾಟಲಿನ ವಿಷಯ ಇನ್ನೂ ಸ್ವಾರಸ್ಯ. ಎ320ರಲ್ಲಿ ಟೇಕಾಫ್‌ಗೆ ಲಿವರನ್ನು ಫ್ಲೆಕ್ಸ್ (ಸ್ವಲ್ಪ ಕಮ್ಮಿ ಶಕ್ತಿ) ಅಥವಾ ಟೋಗಾ (ಪೂರ್ತಿ ಶಕ್ತಿ) ಅನ್ನುವ ಗುರುತಿಗೆ ತಳ್ಳುತ್ತಾರೆ. ಸ್ವಲ್ಪ ಮೇಲೆ ಹೋದ ಮೇಲೆ ಕ್ಲೈಂಬ್ ಗುರುತಿಗೆ ಎಳೆಯುತ್ತಾರೆ. ಅಲ್ಲಿಂದ ಆಟೋ ಥ್ರಸ್ಟ್ ನೋಡಿಕೊಳ್ಳುತ್ತದೆ. ಇಂಜಿನ್ ಶಕ್ತಿ ಏರಿದರೂ ಇಳಿದರೂ ಲಿವರ್ ಅಲ್ಲಾಡುವುದಿಲ್ಲ. ಆಮೇಲೆ ಅದನ್ನು ಮುಟ್ಟುವುದು ಇಳಿಯುವಾಗ, ನೆಲದಿಂದ ಇಪ್ಪತ್ತು ಅಡಿ ಇರುವಾಗ ವಿಮಾನವೇ ‘ರಿಟಾರ್ಡ್’ (ಲಿವರ್ ಹಿಂದಕ್ಕೆ ಎಳೆ) ಅಂತ ಕೂಗುತ್ತದಲ್ಲ, ಆಗ. ಇಷ್ಟಕ್ಕೆ ದೊಡ್ಡ ಥ್ರಾಟಲ್ ಸೆಟ್ ಯಾಕೆ? ಥ್ರಸ್ಟ್‌ಮಾಸ್ಟರಿನ ಟಿಸಿಎ ಸೈಡ್‌ಸ್ಟಿಕ್ ಏರ್‌ಬಸ್ ಮಾಡೆಲ್ ಒಂದಿದೆ, ಒಳಗಿನ ಯಂತ್ರ ಸುಮಾರಾಗಿ ಟಿ.16000ಎಂನದ್ದೇ, ಬುಡದಲ್ಲಿ ಸಣ್ಣ ಥ್ರಾಟಲ್ ಇದೆ. ನಿಮಗೆ ಅದೊಂದೇ ಸಾಕು. ಬೇಕೇ ಬೇಕು ಅನ್ನಿಸಿದರೆ ಅದೇ ಸರಣಿಯ ಥ್ರಾಟಲ್ ಕ್ವಾಡ್ರೆಂಟ್ ಆಮೇಲೆ ಕೊಳ್ಳಿ. ಅದರಲ್ಲಿ ಐಡಲ್, ಕ್ಲೈಂಬ್, ಫ್ಲೆಕ್ಸ್, ಟೋಗಾ ನಾಲ್ಕೂ ಕಡೆ ಲಿವರ್ ಟಕ್ ಅಂತ ಕೂರುತ್ತದೆ. ಅದು ಸಂತೋಷಕ್ಕೆ, ಅಗತ್ಯಕ್ಕಲ್ಲ.

ಅಂದ ಹಾಗೆ, ಮಂಗಳೂರಿನ ದೊಡ್ಡ ರನ್‌ವೇ 2,450 ಮೀಟರ್, ಅದೂ ಗುಡ್ಡದ ತಲೆ ಮೇಲೆ. ಕಣ್ಣೂರಿನದ್ದು 3,050 ಮೀಟರ್. ಹೊಸ ಸೈಡ್‌ಸ್ಟಿಕ್ ಕೈಗೆ ಬಂದ ಮೇಲೆ ಮೊದಲು ಕಣ್ಣೂರಿನಲ್ಲಿ ಇಳಿಸಿ ಕೈ ಕೂರಿಸಿಕೊಳ್ಳಿ.

ಪ್ರಶ್ನೆ: ಅಣ್ಣ ದುಬೈಯಲ್ಲಿದ್ದಾನೆ, ಓಣಂ ರಜೆಗೆ ಬರುವಾಗ ಏನು ಬೇಕಾದರೂ ತರುತ್ತೇನೆ ಅಂದಿದ್ದಾನೆ. ಥ್ರಸ್ಟ್‌ಮಾಸ್ಟರ್ ವಾರ್ಟ್‌ಹಾಗ್ ತರಿಸಲಾ? (ಮುಳ್ಳೇರಿಯ)

ಉತ್ತರ: ಅಣ್ಣನ ಲಗೇಜಿನಲ್ಲಿ ಆರು ಕಿಲೋಗೂ ಜಾಸ್ತಿ ಅದಕ್ಕೇ ಹೋಗುತ್ತದೆ, ಅತ್ತಿಗೆಯ ಹತ್ತಿರ ಮೊದಲು ಮಾತಾಡಿ. ತಮಾಷೆ ಅಲ್ಲ, ಅದು ಹೆಚ್ಚಿನಂಶ ಲೋಹದ್ದು. ಅಮೆರಿಕದ ಎ-10 ಯುದ್ಧವಿಮಾನದ ಹಿಡಿ ಮತ್ತು ಥ್ರಾಟಲನ್ನು ನೋಡಿ ಮಾಡಿದ್ದು.

ನೀವು ಹಾರಿಸುವುದು ಯಾವುದು ಅಂತ ಪತ್ರದಲ್ಲಿ ಬರೆದಿಲ್ಲ. ಡಿಸಿಎಸ್‌ನಂಥ ಯುದ್ಧವಿಮಾನದ ಸಿಮ್ಯುಲೇಟರ್ ಆದರೆ ತರಿಸಿ, ಅಲ್ಲಿ ರೆಡಾರ್, ಕ್ಷಿಪಣಿ ಎಲ್ಲ ಕೈ ತೆಗೆಯದೆ ಮಾಡಬೇಕಾಗುತ್ತದೆ, ಹಿಡಿ ತುಂಬಾ ಬಟನ್ ಇದ್ದರೆ ಅದಕ್ಕೊಂದು ಅರ್ಥ. ಪ್ರಯಾಣಿಕರ ವಿಮಾನ, ಸೆಸ್ನಾ ಹಾರಿಸುವವರಿಗೆ ಅದು ಹೊರೆ. ವಾರ್ಟ್‌ಹಾಗಿನ ಹಿಡಿ ತಿರುಚಲು ಬರುವುದಿಲ್ಲ, ಅಂದರೆ ಪೆಡಲ್ ಬೇರೆ ಕೊಳ್ಳಲೇಬೇಕು. ಸ್ಪ್ರಿಂಗ್ ಗಟ್ಟಿ, ಕೋಲನ್ನು ಮೇಜಿಗೆ ಸ್ಕ್ರೂ ಹಾಕಿ ಕೂರಿಸಿದರೇ ಸುಖ. ಡಿಸಿಎಸ್ ಇಷ್ಟವಾಗುತ್ತದಾ ಅಂತ ಮೊದಲು ನೋಡಬೇಕಾದರೆ ಅದರ ಮೂಲ ಆಟ ಉಚಿತ, ಜೊತೆಗೆ ಸುಖೋಯ್ 25ಟಿ ವಿಮಾನವೂ ಉಚಿತವಾಗಿ ಬರುತ್ತದೆ. ಈಗಿರುವ ಯಾವುದಾದರೂ ಜಾಯ್‌ಸ್ಟಿಕ್‌ನಲ್ಲಿ ಅದನ್ನು ಹಾರಿಸಿ ನೋಡಿ, ಆಮೇಲೆ ಅಣ್ಣನಿಗೆ ಫೋನ್ ಮಾಡಿ.

ಅಲ್ಲಿ ಕೊಂಡ ವಸ್ತುವಿನ ವಾರಂಟಿ ಇಲ್ಲಿ ನಡೆಯುತ್ತದಾ ಅಂತ ಕೊಳ್ಳುವ ಮುಂಚೆಯೇ ಕೇಳಿಸಿ. ನಡೆಯದಿದ್ದರೆ ಹಾಳಾದದ್ದನ್ನು ಮತ್ತೆ ಆರು ಕಿಲೋ ಲಗೇಜಿನಲ್ಲಿ ವಾಪಸ್ ಕಳಿಸಬೇಕು.

ಪ್ರಶ್ನೆ: ನಾನು ಎಡಚ. ಎಲ್ಲಾ ಜಾಯ್‌ಸ್ಟಿಕ್ಕೂ ಬಲಗೈಗೇ ಮಾಡಿದ ಹಾಗಿದೆ. (ಹೊಸೂರು)

ಉತ್ತರ: ಎಲ್ಲಾ ಅಲ್ಲ. ಟಿ.16000ಎಂ ಹಿಡಿಯ ಪಕ್ಕದ ತುಂಡುಗಳನ್ನು ಬಿಚ್ಚಿ ಎಡಗೈಗೆ ಹೊಂದುವ ತುಂಡು ಹಾಕಬಹುದು, ಅದು ಬಾಕ್ಸಿನಲ್ಲೇ ಬರುತ್ತದೆ. ಟಿಸಿಎ ಸೈಡ್‌ಸ್ಟಿಕ್ಕೂ ಹಾಗೇ. ವಿಕೆಬಿ ಎಡಗೈಗೇ ಬೇರೆ ಮಾಡೆಲ್ ಮಾಡುತ್ತದೆ. ಎಕ್ಸ್‌ಟ್ರೀಮ್ 3ಡಿ ಪ್ರೊ ಮಾತ್ರ ನಿಮಗಲ್ಲ, ಅದರ ಹಿಡಿಯ ಆಕಾರವೇ ಬಲಗೈಯದ್ದು. ಎ320 ಕ್ಯಾಪ್ಟನ್ ಹಾರಿಸುವುದೂ ಎಡಗೈಯಲ್ಲೇ ಅಲ್ವಾ, ನಿಮಗೆ ಬೇರೆಯವರಿಗಿಂತ ಒಂದು ಹೆಜ್ಜೆ ಲಾಭ.

ಪ್ರಶ್ನೆ: ಸೆಸ್ನಾ 172 ಟೇಕಾಫ್ ಮಾಡುವಾಗ ಪ್ರತಿ ಸಲವೂ ಎಡಕ್ಕೆ ಎಳೆದುಕೊಂಡು ಹುಲ್ಲಿಗೆ ಹೋಗುತ್ತದೆ. ಜಾಯ್‌ಸ್ಟಿಕ್ ಹಾಳಾಗಿದೆಯಾ? ಪೆಡಲ್ ಕೊಂಡರೆ ಸರಿ ಆಗುತ್ತದಾ? (ಪೆರ್ಲ)

ಉತ್ತರ: ಜಾಯ್‌ಸ್ಟಿಕ್ ಚೆನ್ನಾಗಿಯೇ ಇದೆ, ಸಿಮ್ಯುಲೇಟರೂ ಚೆನ್ನಾಗಿದೆ. ನಿಜವಾದ ಸೆಸ್ನಾ ಸಹ ಎಡಕ್ಕೇ ಎಳೆಯುತ್ತದೆ. ಪೈಲಟ್ ಕೂತ ಕಡೆಯಿಂದ ನೋಡಿದರೆ ಪ್ರೊಪೆಲ್ಲರ್ ಗಡಿಯಾರದ ಮುಳ್ಳಿನ ಹಾಗೆ ಬಲಕ್ಕೆ ಸುತ್ತುತ್ತದೆ. ಅದು ತಿರುಚಿ ಹಿಂದಕ್ಕೆ ಎಸೆದ ಗಾಳಿ ಬಾಲದ ಎಡ ಪಕ್ಕಕ್ಕೆ ಬಂದು ಹೊಡೆಯುತ್ತದೆ, ಬಾಲ ಬಲಕ್ಕೆ ಹೋದರೆ ಮೂಗು ಎಡಕ್ಕೆ. ಇದರ ಜೊತೆ ಇಂಜಿನಿನ ತಿರುಗುಬಲ ವಿಮಾನವನ್ನು ಎಡಕ್ಕೆ ವಾಲಿಸಲು ನೋಡುತ್ತದೆ. ಮೂಗು ಎತ್ತಿದ ಮೇಲೆ ಪ್ರೊಪೆಲ್ಲರಿನ ಬಲಗಡೆ ಕೆಳಗಿಳಿಯುವ ಅಲಗು ಜಾಸ್ತಿ ಗಾಳಿ ಕಚ್ಚುತ್ತದೆ, ಅದೂ ಎಡಕ್ಕೇ. ಮೂರಕ್ಕೂ ಮದ್ದು ಒಂದೇ, ಬಲ ರಡ್ಡರ್. ಥ್ರಾಟಲನ್ನು ಒಮ್ಮೆಲೇ ತಳ್ಳದೆ ನಿಧಾನ ತಳ್ಳಿ, ತಳ್ಳುತ್ತಾ ಬಲ ರಡ್ಡರ್ ಸ್ವಲ್ಪ ಸ್ವಲ್ಪ ಕೊಡುತ್ತಾ ಹೋಗಿ.

ಈಗ ಪೆಡಲಿನ ಮಾತು. ನೀವು ಸೆಸ್ನಾ ಹಾರಿಸುವವರಾದ್ದರಿಂದ ನಿಮಗೆ ಹೌದು ಅನ್ನುತ್ತೇನೆ. ಬದಿಯಡ್ಕದವರಿಗೆ ಬೇಡ ಅಂದೆ, ಕುಂಬಳೆಯವರಿಗೂ ಅಷ್ಟಾಗಿ ಬೇಡ. ಸಣ್ಣ ವಿಮಾನದಲ್ಲಿ ಕಾಲಿಗೆ ಕೆಲಸ ಜಾಸ್ತಿ. ಎಡಕ್ಕೆ ವಾಲಿಸಿದರೆ ಬಲ ರೆಕ್ಕೆಯ ಏಲರಾನ್ ಕೆಳಗಿಳಿದು ಆ ರೆಕ್ಕೆಗೆ ಗಾಳಿಯ ತಡೆ ಹೆಚ್ಚುತ್ತದೆ, ಮೂಗು ಮೊದಲು ಉಲ್ಟಾ ಬಲಕ್ಕೆ ಹೋಗುತ್ತದೆ. ಅದನ್ನು ಎಡ ರಡ್ಡರಿನಿಂದ ಸರಿ ಮಾಡಬೇಕು. ಅಡ್ಡ ಗಾಳಿಯಲ್ಲಿ ಇಳಿಯುವಾಗ ಕೋಲು ಒಂದು ಕಡೆ, ರಡ್ಡರ್ ಇನ್ನೊಂದು ಕಡೆ ಹಿಡಿಯಬೇಕು, ಒಂದೇ ಕೈಯಲ್ಲಿ ಎಡಕ್ಕೆ ವಾಲಿಸಿ ಬಲಕ್ಕೆ ತಿರುಚುವುದು ಸಾಧ್ಯ, ಆದರೆ ತಿರುಚುವಾಗ ಗೊತ್ತಿಲ್ಲದೆ ಕೋಲೂ ಸರಿದು ಮೂಗು ಏರಿಳಿಯುತ್ತದೆ. ಕಾಲಿಗೆ ಕೊಟ್ಟರೆ ಆ ಗಲಾಟೆ ಇಲ್ಲ. ಪೆಡಲಿನ ತುದಿ ಒತ್ತಿದರೆ ಎಡ ಚಕ್ರಕ್ಕೂ ಬಲ ಚಕ್ರಕ್ಕೂ ಬೇರೆ ಬೇರೆ ಬ್ರೇಕ್ ಸಹ ಸಿಗುತ್ತದೆ.

ಕಮ್ಮಿ ಬೆಲೆಯಲ್ಲಿ ಥ್ರಸ್ಟ್‌ಮಾಸ್ಟರ್ ಟಿಎಫ್‌ಆರ್‌ಪಿ, ಲಾಜಿಟೆಕ್ ರಡ್ಡರ್ ಪೆಡಲ್ ಎರಡು ಇವೆ. ಮೊದಲನೆಯದರಲ್ಲಿ ಎರಡು ಪೆಡಲ್ ತೀರಾ ಹತ್ತಿರ, ಉದ್ದ ಕಾಲಿನವರಿಗೆ ಮಂಡಿ ಮಂಡಿಗೆ ತಾಗುತ್ತದೆ. ಎರಡನೆಯದು ಅಗಲ ಮತ್ತು ಭಾರ. ನಮ್ಮ ಕಡೆಯ ನಯವಾದ ರೆಡ್ ಆಕ್ಸೈಡ್ ನೆಲದ ಮೇಲೆ ಎರಡೂ ಜಾರುತ್ತವೆ, ಗೋಡೆಗೆ ತಾಗುವ ಹಾಗೆ ಹಿಂದೆ ಒಂದು ಹಲಗೆ ಇಡಿ. ಗಾಲಿ ಇರುವ ಕುರ್ಚಿ ಬೇಡ, ಪೆಡಲ್ ತುಳಿದರೆ ಕುರ್ಚಿಯೇ ಹಿಂದೆ ಹೋಗುತ್ತದೆ.

ಪ್ರಶ್ನೆ: ಸೆಕೆಂಡ್ ಹ್ಯಾಂಡ್ ಜಾಯ್‌ಸ್ಟಿಕ್ ತೆಗೆದೆ. ಕೈ ಬಿಟ್ಟರೆ ಮೂಗು ತಾನಾಗಿ ಕೆಳಗೆ ಹೋಗುತ್ತದೆ. ಕೊಟ್ಟವರು ಈಗ ಫೋನ್ ಎತ್ತುವುದಿಲ್ಲ. (ಮಂಜೇಶ್ವರ)

ಉತ್ತರ: ಫೋನಿನ ಕಥೆಗೆ ನನ್ನಲ್ಲಿ ಉತ್ತರ ಇಲ್ಲ. ಮೂಗಿನ ಕಥೆ ನೋಡೋಣ.

ಮೊದಲು ದೋಷ ಜಾಯ್‌ಸ್ಟಿಕ್ಕಿನದ್ದಾ ಆಟದ್ದಾ ಅಂತ ತಿಳಿಯಬೇಕು. ವಿಂಡೋಸ್‌ನ ರನ್ ಬಾಕ್ಸಿನಲ್ಲಿ ಜಾಯ್ ಡಾಟ್ ಸಿಪಿಎಲ್ (joy.cpl) ಅಂತ ಇಂಗ್ಲಿಷಿನಲ್ಲಿ ಟೈಪ್ ಮಾಡಿ. ಗೇಮ್ ಕಂಟ್ರೋಲರ್ ಪಟ್ಟಿ ಬರುತ್ತದೆ, ಪ್ರಾಪರ್ಟೀಸ್ ಒತ್ತಿದರೆ ಚೌಕದ ಒಳಗೆ ಒಂದು ಕೂಡು ಗುರುತು ಕಾಣುತ್ತದೆ. ಕೈ ಬಿಟ್ಟಾಗ ಅದು ನಡುವಿನಲ್ಲಿ ಅಲ್ಲಾಡದೆ ನಿಂತರೆ ಜಾಯ್‌ಸ್ಟಿಕ್ ಸರಿ ಇದೆ, ಆಟದ ಸೆಟ್ಟಿಂಗ್ ನೋಡಬೇಕು. ಹೆಚ್ಚಾಗಿ ಆಗುವುದೇನೆಂದರೆ ಗೇಮ್ ಪ್ಯಾಡ್ ಕೂಡಾ ಸಿಕ್ಕಿಸಿ ಇಟ್ಟಿರುತ್ತಾರೆ, ಆಟ ಎರಡಕ್ಕೂ ತಾನೇ ಎಲಿವೇಟರ್ ಕೊಟ್ಟಿರುತ್ತದೆ. ಒಂದನ್ನು ಅಳಿಸಿ. ವಿಮಾನದ ಟ್ರಿಮ್ ಕೆಳಗೆ ಹೋಗಿದೆಯಾ ಅಂತಲೂ ನೋಡಿ.

ಗುರುತು ನಡುವಿನಿಂದ ಸರಿದು ನಿಂತಿದ್ದರೆ ಅಲ್ಲೇ ಕ್ಯಾಲಿಬ್ರೇಟ್ ಮಾಡಿ. ಮಿಡಿಯುತ್ತಾ ಆಚೆ ಈಚೆ ಹಾರುತ್ತಿದ್ದರೆ ಪೊಟೆನ್ಶಿಯೋಮೀಟರ್ ಕೊಳೆಯಾಗಿದೆ ಅಥವಾ ಸವೆದಿದೆ. ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಸಿಗುತ್ತದೆ, ಯುಎಸ್‌ಬಿ ತೆಗೆದಿಟ್ಟು, ಬುಡ ಬಿಚ್ಚಿ ಅದಕ್ಕೆ ಸ್ವಲ್ಪ ಹೊಡೆದು ಕೋಲನ್ನು ಎಲ್ಲಾ ಕಡೆಗೆ ಆಡಿಸಿ ಒಣಗಲು ಬಿಡಿ. ತೆಂಗಿನೆಣ್ಣೆ ಖಂಡಿತ ಬೇಡ. ಕೊಳೆ ಆಗಿದ್ದರೆ ಸರಿ ಹೋಗುತ್ತದೆ, ಸವೆದಿದ್ದರೆ ಸ್ವಲ್ಪ ದಿನ ಮಾತ್ರ. ಆಟದಲ್ಲಿ ಡೆಡ್ ಝೋನ್ (ನಡುವಿನಲ್ಲಿ ಕೋಲು ಸರಿದರೂ ಆಟ ಲೆಕ್ಕಿಸದ ಜಾಗ) ಶೇಕಡಾ ಮೂರೋ ನಾಲ್ಕೋ ಇಟ್ಟರೆ ನಡುವಿನ ನಡುಕ ಮುಚ್ಚುತ್ತದೆ. ಹದಿನೈದು ಇಪ್ಪತ್ತಕ್ಕೆ ಏರಿಸಿದರೆ ಮಾತ್ರ ಕೋಲು ಅಷ್ಟು ದೂರ ಸರಿದರೂ ವಿಮಾನಕ್ಕೆ ಗೊತ್ತೇ ಆಗುವುದಿಲ್ಲ, ಆಮೇಲೆ ಒಮ್ಮೆಲೇ ಜಿಗಿಯುತ್ತದೆ.

ಪ್ರಶ್ನೆ: ನನ್ನದು ಹಳೇ ಲ್ಯಾಪ್‌ಟಾಪ್, ಗ್ರಾಫಿಕ್ಸ್ ಕಾರ್ಡ್ ಇಲ್ಲ. ನೆಟ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಜಾಯ್‌ಸ್ಟಿಕ್ ಕೊಂಡು ಪ್ರಯೋಜನ ಇದೆಯಾ? (ತಾಳವಾಡಿ)

ಉತ್ತರ: ಇದೆ, ಆದರೆ ಆಟ ಬೇರೆ ಆರಿಸಿ. ಮೈಕ್ರೋಸಾಫ್ಟಿನ 2024ರ ಸಿಮ್ಯುಲೇಟರ್ ಊರು ಬೆಟ್ಟ ಎಲ್ಲವನ್ನೂ ಹಾರುವಾಗಲೇ ನೆಟ್‌ನಿಂದ ಎಳೆದುಕೊಳ್ಳುತ್ತದೆ, ನಿಮ್ಮಲ್ಲಿ ನಡೆಯುವುದಿಲ್ಲ. ಫ್ಲೈಟ್‌ಗೇರ್ ಅಂತ ಒಂದಿದೆ, ಪೂರ್ತಿ ಉಚಿತ, 1997ರಿಂದ ಜನ ಸೇರಿ ಕಟ್ಟಿದ್ದು. ಬೇಕಾದ ಜಾಗದ ನಕ್ಷೆಯನ್ನು ನೆಟ್ ಇರುವಾಗ ಇಳಿಸಿಟ್ಟುಕೊಂಡರೆ ಆಮೇಲೆ ನೆಟ್ ಬೇಡ. ಗ್ರಾಫಿಕ್ಸ್ ಕಮ್ಮಿ ಮಾಡಿಕೊಂಡು ಹಾರಿಸಿ. ಜಾಯ್‌ಸ್ಟಿಕ್‌ಗೆ ಕಂಪ್ಯೂಟರಿನ ಶಕ್ತಿ ಏನೂ ಬೇಕಿಲ್ಲ, ಇವತ್ತು ಕೊಂಡದ್ದು ನಾಳೆ ಹೊಸ ಕಂಪ್ಯೂಟರಿಗೂ ಬರುತ್ತದೆ.

ಲ್ಯಾಪ್‌ಟಾಪಿನಲ್ಲಿ ಹಾರುತ್ತಿರುವಾಗ ಜಾಯ್‌ಸ್ಟಿಕ್ ಇದ್ದಕ್ಕಿದ್ದ ಹಾಗೆ ಸತ್ತರೆ ಗಾಬರಿ ಬೇಡ. ವಿಂಡೋಸ್ ಕರೆಂಟ್ ಉಳಿಸಲು ಯುಎಸ್‌ಬಿ ಪೋರ್ಟನ್ನು ಮಲಗಿಸುತ್ತದೆ. ಪವರ್ ಆಪ್ಷನ್ಸ್ ಒಳಗೆ ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ಅಂತ ಇರುತ್ತದೆ, ಅದನ್ನು ಆಫ್ ಮಾಡಿ.

ಪ್ರಶ್ನೆ: ನಮ್ಮ ಮನೆಯಲ್ಲಿ ಅಜ್ಜನ ಕಾಲದ ಹಲಸಿನ ಮರದ ಮೇಜು. ಹನಿಕೋಂಬ್ ಆಲ್ಫಾ ಯೋಕ್ ಕೂರುತ್ತದಾ? (ನೀರ್ಚಾಲು)

ಉತ್ತರ: ಟೇಪ್ ಹಿಡಿದು ಮೇಜಿನ ಅಂಚಿನ ದಪ್ಪ ಅಳೆಯಿರಿ, ಕೆಳಗೆ ಪಟ್ಟಿ ಇದ್ದರೆ ಅದನ್ನೂ ಸೇರಿಸಿ. ಯೋಕನ್ನು ಮೇಜಿಗೆ ಕ್ಲಾಂಪ್ ಹಾಕಿ ಬಿಗಿಯಬೇಕು. ಕಂಪ್ಯೂಟರ್ ಟೇಬಲಿನ ತೆಳು ಹಲಗೆಗೆ ಸುಲಭ, ಹಳೇ ಮೇಜಿನ ಅಂಚಿಗೆ ಕ್ಲಾಂಪ್ ಬಾಯಿ ಸಾಲದೆ ಹೋಗಬಹುದು. ಎತ್ತರವೂ ನೋಡಿ. ಹಳೇ ಮೇಜು ಎತ್ತರ ಇರುತ್ತದೆ, ಅದರ ಮೇಲೆ ಯೋಕ್ ಕೂತರೆ ಕೈ ಎದೆ ಮಟ್ಟಕ್ಕೆ ಬರುತ್ತದೆ, ಅರ್ಧ ಗಂಟೆಗೆ ಭುಜ ಸೋಲುತ್ತದೆ. ಹಿಂದೆ ಮುಂದೆ ಎಳೆಯಲು ಜಾಗವೂ ಬೇಕು, ಕೀಬೋರ್ಡ್ ಇಡಲು ಜಾಗ ಉಳಿಯುವುದಿಲ್ಲ. ಆಲ್ಫಾ ಒಳ್ಳೆಯ ಯೋಕೇ, 180 ಡಿಗ್ರಿ ತಿರುಗುತ್ತದೆ, ಹಾಲ್ ಸೆನ್ಸರ್ ಇದೆ. ಆದರೆ ಅಜ್ಜನ ಮೇಜಿಗೆ ತೂತು ಕೊರೆಯುವ ಯೋಚನೆ ಬೇಡ. ಊರಿನ ಆಚಾರಿಯ ಹತ್ತಿರ ಮೇಜಿಗಿಂತ ತಗ್ಗಿನ ಒಂದು ಸಣ್ಣ ಸ್ಟ್ಯಾಂಡ್ ಮಾಡಿಸಿ, ಮೇಲಿನ ಹಲಗೆ ಕ್ಲಾಂಪಿಗೆ ಹಿಡಿಯುವಷ್ಟು ತೆಳುವಾಗಿರಲಿ, ಕಾಲು ಮಾತ್ರ ಭಾರದ ಮರದ್ದಿರಲಿ.

ಪ್ರಶ್ನೆ: ಸಿಮ್ಯುಲೇಟರಿನಲ್ಲಿ ಹಾರಿಸಿದ ಗಂಟೆಗಳು ಮುಂದೆ ಪೈಲಟ್ ಲೈಸನ್ಸಿಗೆ ಲೆಕ್ಕಕ್ಕೆ ಬರುತ್ತವಾ? (ಬದಿಯಡ್ಕದ ಅದೇ ಪತ್ರದ ಕೊನೆಯಲ್ಲಿ, ಬೇರೆ ಕೈಬರಹದಲ್ಲಿ)

ಉತ್ತರ: ಮನೆಯ ಕಂಪ್ಯೂಟರಿನದ್ದು ಒಂದು ಗಂಟೆಯೂ ಬರುವುದಿಲ್ಲ ತಮ್ಮಾ. ಕಮರ್ಷಿಯಲ್ ಪೈಲಟ್ ಲೈಸನ್ಸಿಗೆ ಡಿಜಿಸಿಎ (ಲೈಸನ್ಸ್ ಕೊಡುವ ಕೇಂದ್ರ ಸರಕಾರದ ವಿಮಾನಯಾನ ಇಲಾಖೆ) ಕೇಳುವುದು 200 ಗಂಟೆಯ ಹಾರಾಟ, ಅದು ನಿಜವಾದ ವಿಮಾನದ ಲೆಕ್ಕ. ಪ್ಲಸ್ ಟುವಿನಲ್ಲಿ ಫಿಸಿಕ್ಸ್, ಮ್ಯಾಥ್ಸ್ ಪಾಸಾಗಿರಬೇಕು, ಮೆಡಿಕಲ್ ಆಗಬೇಕು. ಸದ್ಯಕ್ಕೆ ಅಪ್ಪನ ಹತ್ತಿರ ಜಾಯ್‌ಸ್ಟಿಕ್ ಒಂದೇ ಕೇಳು, ಪರೀಕ್ಷೆ ಮುಗಿದ ಮೇಲೆ ಪೆಡಲ್ ಕೇಳು.